18 ದಿನವಾದರೂ ನೈಟ್ರೈಟ್ ಸೊನ್ನೆ. ಅಕ್ವಾಪೋನಿಕ್ಸ್ ತೊಟ್ಟಿಗೆ ಮೀನು ಬಿಡೋದು ಯಾವಾಗ?

ನಿಟುವಳ್ಳಿ_ತಾರಸಿ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ತಾರಸಿ ಮೇಲಿನ ಅಕ್ವಾಪೋನಿಕ್ಸ್ (ಮೀನಿನ ತೊಟ್ಟಿಯ ನೀರಲ್ಲೇ ಗಿಡ ಬೆಳೆಸೋದು) ಸೆಟಪ್ ಹೀಗಿದೆ. 500 ಲೀಟರಿನ ಕಪ್ಪು ಸಿಂಟೆಕ್ಸ್, ಅದರಲ್ಲಿ 450 ಲೀಟರ್ ನೀರು. ಮೇಲೆ ಗಿಡ ನೆಡೋಕೆ ಒಂದು ಅಡಿ ಆಳದ ಎರಡು ಬೆಡ್, ತಲಾ 200 ಲೀಟರ್ ಹಿಡಿಯುವಷ್ಟು 20 ಎಂಎಂ ಜಲ್ಲಿ. ಪಂಪಿನ ಡಬ್ಬದ ಮೇಲೆ ಗಂಟೆಗೆ 1,500 ಲೀಟರ್ ಅಂತ ಇದೆ. ಟೈಮರ್‌ನಲ್ಲಿ 15 ನಿಮಿಷ ಓಡಿ 45 ನಿಮಿಷ ನಿಲ್ಲುತ್ತೆ. ಬೋರ್ ನೀರು, ಪಿಎಚ್ 8.2, ಉಷ್ಣಾಂಶ 28 ಡಿಗ್ರಿ.

ಮೀನಿಲ್ಲದೆ ಸೈಕ್ಲಿಂಗ್ (ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಬೆಳೆಸೋದು) ಮಾಡೋಣ ಅಂತ ಹೊಲಕ್ಕೆ ತಂದ ಮೂಟೆಯಿಂದ ಯೂರಿಯಾ ಹಾಕಿದ್ದು. 1ನೇ ದಿನ 10 ಗ್ರಾಂ. 3ನೇ ದಿನ ಟೆಸ್ಟ್‌ನಲ್ಲಿ ಅಮೋನಿಯಾ ಸೊನ್ನೆ, ಮತ್ತೆ 10 ಗ್ರಾಂ. 5ನೇ ದಿನವೂ ಅಷ್ಟೇ, ಮತ್ತೆ 10. ಈಗ 18ನೇ ದಿನ. ಅಮೋನಿಯಾ ಟ್ಯೂಬ್ ಕಡು ಹಸಿರು, ಅಂದ್ರೆ ಚಾರ್ಟಿನ ಕೊನೇ ಬಣ್ಣ, 8. ನೈಟ್ರೈಟ್ ಟ್ಯೂಬ್ ಮಾತ್ರ ಮೊದಲ ದಿನದ ತಿಳಿನೀಲಿಯಲ್ಲೇ ಇದೆ. ಮೊನ್ನೆ ಅಂಗಡಿಯ ಬ್ಯಾಕ್ಟೀರಿಯಾ ಬಾಟಲಿಯೂ ಒಂದು ಸುರಿದಾಯ್ತು. ಮುಂದಿನ ವಾರ 20 ಮೀನು ಬಿಡೋ ಯೋಚನೆ ಇದೆ. ಕಾಯಬೇಕಾ, ನೀರು ಬದಲಿಸಬೇಕಾ?

ದುರ್ಗದ_ಜಲ್ಲಿ:

ಮೀನಿನ ಮಾತು ಸದ್ಯ ಬಿಡಿ. ನಿಮ್ಮ ನೀರಿನಲ್ಲಿರೋದು 8 ಅಲ್ಲ, ಅದರ ನಾಲ್ಕೈದು ಪಟ್ಟು.

ಲೆಕ್ಕ ನೋಡಿ. 1 ಗ್ರಾಂ ಯೂರಿಯಾ ಪೂರ್ತಿ ಒಡೆದರೆ 0.57 ಗ್ರಾಂ ಅಮೋನಿಯಾ. 30 ಗ್ರಾಂಗೆ 17 ಗ್ರಾಂ. ಅದನ್ನು 450 ಲೀಟರಿಗೆ ಹಂಚಿದರೆ 38 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ). ಬೇಕಾಗಿದ್ದದ್ದು 2. ಚಾರ್ಟು 8ಕ್ಕೆ ಮುಗಿಯೋದರಿಂದ ನಿಮಗೆ 8 ಕಂಡಿದೆ, ಅಷ್ಟೇ. ಖಚಿತ ಮಾಡಿಕೊಳ್ಳೋಕೆ ಒಂದು ಭಾಗ ತೊಟ್ಟಿ ನೀರಿಗೆ ಒಂಬತ್ತು ಭಾಗ ಡಿಸ್ಟಿಲ್ಡ್ ವಾಟರ್ (ಪೆಟ್ರೋಲ್ ಬಂಕಲ್ಲಿ ಸಿಗೋ ಬ್ಯಾಟರಿ ನೀರು ಸಾಕು) ಬೆರೆಸಿ ಟೆಸ್ಟ್ ಮಾಡಿ, ಬಂದದ್ದನ್ನು ಹತ್ತರಿಂದ ಗುಣಿಸಿ.

3ನೇ ದಿನ ಸೊನ್ನೆ ತೋರಿಸಿದ್ದು ಯಾಕೆ ಅಂದ್ರೆ ಕಿಟ್ ಅಳೆಯೋದು ಅಮೋನಿಯಾ, ಯೂರಿಯಾ ಅಲ್ಲ. ಯೂರಿಯಾ ಒಡೆಯೋಕೆ ಬೇರೆಯದೇ ಸೂಕ್ಷ್ಮಜೀವಿಗಳು ಬೇಕು, ಹೊಸ ತೊಟ್ಟಿಯಲ್ಲಿ ಅವು ಬೆಳೆಯೋಕೆ ನಾಲ್ಕೈದು ದಿನ ಹಿಡಿಯುತ್ತೆ. ಅಷ್ಟರಲ್ಲಿ ಸೊನ್ನೆ ನೋಡಿ ನೋಡಿ ಜನ ಮತ್ತೆ ಸುರೀತಾರೆ. ಆಮೇಲೆ ಎಲ್ಲಾ ಒಟ್ಟಿಗೆ ಒಡೆಯುತ್ತೆ.

ಎರಡನೇ ತೊಂದರೆ ಆ ಮೂಟೆಯದ್ದೇ. 2015ರಿಂದ ಸಬ್ಸಿಡಿ ಯೂರಿಯಾಕ್ಕೆ ಬೇವಿನೆಣ್ಣೆ ಲೇಪನ ಕಡ್ಡಾಯ. ಆ ಲೇಪನ ಇರೋದೇ ಮಣ್ಣಿನಲ್ಲಿ ಅಮೋನಿಯಾ ಬೇಗ ನೈಟ್ರೇಟ್ ಆಗದಂತೆ ತಡೆಯೋಕೆ. ಹೊಲದಲ್ಲಿ ಅದು ಒಳ್ಳೇದು. ಇಲ್ಲಿ ನೀವು ಸಾಕಬೇಕು ಅಂತಿರೋ ಬ್ಯಾಕ್ಟೀರಿಯಾವನ್ನೇ ಅದು ಅಮುಕುತ್ತೆ. ಬೇವಿನೆಣ್ಣೆ ಮೀನಿಗೂ ಆಗಲ್ಲ.

ಮೂರನೇದು ಪಿಎಚ್. 8.2ರಲ್ಲಿ, 28 ಡಿಗ್ರಿಯಲ್ಲಿ, ಒಟ್ಟು ಅಮೋನಿಯಾದ ಹತ್ತನೇ ಒಂದು ಭಾಗ ವಿಷದ ರೂಪದಲ್ಲಿರುತ್ತೆ. 38ರಲ್ಲಿ ಹೆಚ್ಚುಕಡಿಮೆ 4 ಪಿಪಿಎಂ. ನೈಟ್ರೈಟನ್ನು ನೈಟ್ರೇಟ್ ಮಾಡೋ ಗುಂಪಿಗೆ 1 ಪಿಪಿಎಂ ಕೂಡ ಜಾಸ್ತಿ. ಬಾಟಲಿಯಲ್ಲಿ ಬಂದದ್ದು ಬದುಕಿರೋದು ಅನುಮಾನ.

ಪೂರ್ತಿ ಖಾಲಿ ಮಾಡಿ. ಅರ್ಧ ಬದಲಿಸಿದರೆ 19ಕ್ಕಿಳಿಯುತ್ತೆ, ಇನ್ನೊಂದರ್ಧ ಬದಲಿಸಿದರೆ 9.5. ಬರೀ ನೀರು ದಂಡ. ತೆಗೆದ ನೀರನ್ನು ಚರಂಡಿಗೆ ಬಿಡಬೇಡಿ. ತೆಂಗು, ಅಡಿಕೆ, ಬಾಳೆ ಯಾವುದರ ಬುಡಕ್ಕಾದರೂ ಹಾಕಿ, ಅದು ತೆಳು ಗೊಬ್ಬರದ ನೀರೇ. ಬೆಡ್ಡಿನ ಜಲ್ಲಿಗೆ ಮೇಲಿಂದ ಪೈಪು ಹಿಡಿದು ಒಂದು ಸಲ ತೊಳೆದು ಆ ನೀರನ್ನೂ ಹೊರಗೆ ಹಾಕಿ.

ದುರ್ಗದ_ಜಲ್ಲಿ:

ಮರು ಆರಂಭಕ್ಕೆ ನವಸಾಗರ ತನ್ನಿ, ಅಂದ್ರೆ ಅಮೋನಿಯಂ ಕ್ಲೋರೈಡ್. ಕಲಾಯಿಯವರು ಬಳಸೋದೂ ಅದೇ, ಆದರೆ ಆ ಗಟ್ಟಿಯಲ್ಲಿ ಏನೇನು ಬೆರೆತಿರುತ್ತೋ. ಕಾಲೇಜುಗಳಿಗೆ ಕೆಮಿಕಲ್ ಕೊಡೋ ಅಂಗಡಿಯಲ್ಲಿ ಲ್ಯಾಬ್ ಗ್ರೇಡಿನದ್ದು ಕೇಳಿ. ಇದು ನೀರಿಗೆ ಬಿದ್ದ ಕೂಡಲೇ ಟೆಸ್ಟಿಗೆ ಸಿಗುತ್ತೆ, ಯೂರಿಯಾ ಥರ ಅಡಗಿ ಕೂರಲ್ಲ.

ಲೀಟರಿಗೆ 3 ಮಿಲಿಗ್ರಾಂ ಸುಮಾರು 1 ಪಿಪಿಎಂ. ನಿಮ್ಮ 450 ಲೀಟರಿಗೆ 2 ಪಿಪಿಎಂ ಬೇಕಾದರೆ 3 ಗ್ರಾಂಗೆ ಒಂಚೂರು ಕಡಿಮೆ. ದಿನಾ ತೂಗೋ ರಗಳೆ ಬೇಡ ಅಂದ್ರೆ 30 ಗ್ರಾಂ ಪುಡಿಯನ್ನು ನೀರಲ್ಲಿ ಕರಗಿಸಿ ಒಟ್ಟು ಒಂದು ಲೀಟರ್ ಮಾಡಿಟ್ಟುಕೊಳ್ಳಿ, ಒಂದು ಸಲಕ್ಕೆ 100 ಎಂಎಲ್. ಬಾಟಲಿ ಮೇಲೆ ದೊಡ್ಡದಾಗಿ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಮೊದಲ ಸಲ ಹಾಕಿದ ಮೇಲೆ ಅಮೋನಿಯಾ 0.5ರ ಕೆಳಗೆ ಇಳಿಯೋವರೆಗೂ ಮತ್ತೆ ಹಾಕಬೇಡಿ. ವಾರ ಹತ್ತು ದಿನ ಏನೂ ಅಲುಗಾಡದೇ ಇರಬಹುದು. ಆಮೇಲೆ ನೈಟ್ರೈಟ್ ಟ್ಯೂಬ್ ನೇರಳೆಗೆ ತಿರುಗುತ್ತೆ. ನೈಟ್ರೈಟ್ 5 ದಾಟಿದರೆ ಡೋಸ್ ಅರ್ಧ ಮಾಡಿ, ಇಲ್ಲಾಂದ್ರೆ ಎರಡನೇ ಹಂತ ಎಳೆದಾಡುತ್ತೆ. ಸಾಮಾನ್ಯವಾಗಿ ಹೆಚ್ಚು ದಿನ ತಿನ್ನೋದು ಇದೇ ಹಂತ. ನೈಟ್ರೈಟ್ ತುಂಬಾ ಇರುವಾಗ ನೈಟ್ರೇಟ್ ಟೆಸ್ಟ್ ಸುಳ್ಳು ಹೇಳುತ್ತೆ, ಅದನ್ನು ಆಗ ನಂಬಬೇಡಿ. ಜೊತೆಗೆ ನೈಟ್ರೇಟ್ ಕಿಟ್ಟಿನ ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕದೆ ಹನಿ ಹಾಕಿದರೆ ಯಾವಾಗಲೂ ಕಡಿಮೆಯೇ ಬರುತ್ತೆ.

ಸೈಫನ್_ಬಸಣ್ಣ:

ಅಮೋನಿಯಾ ವಿಷಯ ಮೇಲಿನವರು ಹೇಳಿದ್ದಾರೆ. ಖಾಲಿ ಮಾಡಿದಾಗ ಇಷ್ಟು ನೋಡಿಬಿಡ್ರಿ.

ಜಲ್ಲಿ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆ ಬಂದ್ರೆ ಸುಣ್ಣದ ಕಲ್ಲು ಬೆರೆತಿದೆ, ಅದು ಪಿಎಚ್ ಸುಲಭವಾಗಿ ಇಳಿಯೋಕೆ ಬಿಡಲ್ಲ. ಬರೀ ಕರಿಕಲ್ಲಿನ ಜಲ್ಲಿ ಆದರೆ ಏನೂ ಆಗಲ್ಲ. ಕ್ರಷರ್ ಪುಡಿ ಉಳಿದಿದ್ರೆ ಬೆಡ್ ತಳದಲ್ಲಿ ಕೆಸರಾಗಿ ಕೂರುತ್ತೆ, ಅಲ್ಲಿ ಗಾಳಿ ಆಡಲ್ಲ, ಕೊಳೆತ ಮೊಟ್ಟೆ ವಾಸನೆ ಶುರು. ಬುಟ್ಟಿಗೆ ಹಾಕಿ ನೀರು ತಿಳಿಯಾಗೋವರೆಗೂ ತೊಳೀಬೇಕು.

ಎರಡು ಬೆಡ್ ಒಟ್ಟಿಗೆ ತುಂಬಿದರೆ ಜಲ್ಲಿ ಸಂದಿಗೆ 160 ಲೀಟರ್ ಮೇಲೇರುತ್ತೆ. ತೊಟ್ಟಿಯಲ್ಲಿ ಉಳಿಯೋದು 290. ಈಗ ನಡೆಯುತ್ತೆ, ಮೀನು ಬಂದ ಮೇಲೆ ಗಂಟೆಗೊಂದು ಸಲ ಹಾಗೆ ಏರಿಳಿದರೆ ಅವಕ್ಕೆ ಗಾಬರಿ. ಒಂದಾದ ಮೇಲೆ ಒಂದು ತುಂಬೋ ಹಾಗೆ ವಾಲ್ವ್ ಇಡಿ.

ಕರೆಂಟಿನ ವಿಷಯ. ಪಂಪ್ ನಿಂತಾಗ ಬೆಡ್ ಖಾಲಿಯಾಗ್ತಿದೆಯಾ? ಬೆಡ್ಡಿನೊಳಗೆ ನೆಟ್ಟಗೆ ನಿಲ್ಲಿಸಿದ ಪೈಪಿನ ಬುಡದಲ್ಲಿ 5 ಎಂಎಂ ರಂಧ್ರ ಇದ್ದರೆ ನೀರು ತಾನೇ ಇಳಿಯುತ್ತೆ. ಒದ್ದೆ ಜಲ್ಲಿಗೆ ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾ ಏಳೆಂಟು ಗಂಟೆ ಆರಾಮಾಗಿ ತಡೆಯುತ್ತೆ. ತುಂಬಿದ ಬೆಡ್ಡಲ್ಲಿ ನೀರು ನಿಂತರೆ ಉಸಿರು ಕಟ್ಟುತ್ತೆ. ತೊಟ್ಟಿಗೆ ಒಂದು ಏರ್ ಸ್ಟೋನ್ (ನೀರಲ್ಲಿ ಗಾಳಿಗುಳ್ಳೆ ಬಿಡೋ ಕಲ್ಲು) ಯಾವಾಗಲೂ ಓಡ್ತಿರಲಿ. 1 ಗ್ರಾಂ ಅಮೋನಿಯಾ ಸಾರಜನಕಕ್ಕೆ ನಾಲ್ಕೂವರೆ ಗ್ರಾಂ ಆಕ್ಸಿಜನ್ ಬೇಕು, ಪಂಪಿನ ಧಾರೆ ಒಂದನ್ನೇ ನಂಬೋಕಾಗಲ್ಲ.

ಬ್ಯಾಕ್ಟೀರಿಯಾದ ಬೀಜಕ್ಕೆ ಬಾಟಲಿಗಿಂತ ಒಳ್ಳೇದು ಓಡ್ತಿರೋ ಅಕ್ವೇರಿಯಂನ ಫಿಲ್ಟರ್ ಸ್ಪಾಂಜು. ರೋಗದ ಮೀನಿಲ್ಲದ ತೊಟ್ಟಿಯದ್ದು ಆಗಿರಬೇಕು, ಅದೊಂದು ನೋಡಿಕೊಳ್ಳಿ. ಅದೇ ತೊಟ್ಟಿ ನೀರಲ್ಲಿ ಮುಳುಗಿಸಿ ತಂದು ಬೆಡ್ ಮೇಲೆ ಹಿಂಡಿಬಿಡಿ. ನಲ್ಲಿ ನೀರಲ್ಲಿ ತೊಳೆದರೋ, ಸ್ಕೂಟರ್ ಮೇಲೆ ಒಣಗಿಸಿಕೊಂಡು ತಂದರೋ, ಬಂದದ್ದು ಬರೀ ಸ್ಪಾಂಜು.

ಮಲ್ಲಿಗೆ_ಬೆಡ್:

ಇಷ್ಟೆಲ್ಲಾ ಕೆಮಿಕಲ್ ಯಾಕೆ? ಗಂಜಲ ಹಾಕಿದರೆ ಆಗಲ್ವಾ?

ದುರ್ಗದ_ಜಲ್ಲಿ:

ಆಗುತ್ತೆ, ಲೆಕ್ಕ ಸಿಗಲ್ಲ. ತಾಜಾ ಗಂಜಲದಲ್ಲೂ ಇರೋದು ಬಹುಪಾಲು ಯೂರಿಯಾ, ಮೇಲಿನ ಕಥೆಯೇ ಮತ್ತೆ. ಮುಚ್ಚಿದ ಡಬ್ಬಿಯಲ್ಲಿ ಎರಡು ಮೂರು ವಾರ ಇಟ್ಟು ಮೂಗಿಗೆ ಹೊಡೆಯುವಂತಾದ ಮೇಲೆ ಹಾಕಬಹುದು. ಆದರೂ ಯಾವ ಹಸುವಿನದ್ದು ಎಷ್ಟು ಗಟ್ಟಿ ಅಂತ ಗೊತ್ತಾಗಲ್ಲ, ಹಸುವಿಗೆ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟಿದ್ದರೆ ಇನ್ನೊಂದು ತಲೆನೋವು. 3 ಗ್ರಾಂ ಪುಡಿ ಸುಲಭ.

ನಿಟುವಳ್ಳಿ_ತಾರಸಿ:

ತುಂಬಾ ಥ್ಯಾಂಕ್ಸ್. ಮತ್ತೆ ತುಂಬಿಸುವಾಗ ಬೋರ್ ನೀರೇ ಹಾಕಲಾ, ಕಾರ್ಪೊರೇಷನ್ ನೀರಾ? ಪಿಎಚ್ ಇಳಿಸೋಕೆ ನಿಂಬೆಹುಳಿ ಹಿಂಡಬಹುದಾ?

ಕೆರೆಏರಿ:

ನಿಂಬೆಹುಳಿ ಬೇಡ. ಸಿಟ್ರಿಕ್ ಆಮ್ಲ ಬ್ಯಾಕ್ಟೀರಿಯಾಕ್ಕೆ ಒಳ್ಳೇದಲ್ಲ, ಗಡಸು ನೀರಲ್ಲಿ ಎರಡು ದಿನಕ್ಕೆ ಪಿಎಚ್ ಹಿಂದಕ್ಕೆ ಬಂದುಬಿಡುತ್ತೆ. ಸೈಕ್ಲಿಂಗ್ ಮುಗಿಯೋವರೆಗೂ ಪಿಎಚ್ ಮುಟ್ಟಲೇಬೇಡಿ. 2 ಪಿಪಿಎಂ ಇದ್ದಾಗ 8.2 ದೊಡ್ಡ ತೊಂದರೆಯಲ್ಲ.

ಬೋರ್ ನೀರಿಂದ ಒಂದು ಉಪಕಾರವೂ ಇದೆ. 2 ಪಿಪಿಎಂ ಅಮೋನಿಯಾ ನೈಟ್ರೇಟ್ ಆಗೋಕೆ ಸುಮಾರು 12 ಪಿಪಿಎಂ ಆಲ್ಕಲಿನಿಟಿ (ಪಿಎಚ್ ಕುಸಿಯದಂತೆ ತಡೆಯೋ ಕ್ಷಾರ) ತಿನ್ನುತ್ತೆ. ನಿಮ್ಮ ಬೋರಿನಲ್ಲಿ 300 ಇದ್ದರೆ ಇಪ್ಪತ್ತು ಡೋಸ್‌ವರೆಗೂ ಪಿಎಚ್ ಕುಸಿಯಲ್ಲ. ಬರೀ ಮಳೆನೀರಲ್ಲಿ ಶುರು ಮಾಡಿದರೆ ನಾಲ್ಕೈದು ಡೋಸಿಗೇ 6ರ ಕೆಳಗೆ ಹೋಗಿ ಕೆಲಸ ನಿಂತೇಬಿಡಬಹುದು. ಅರ್ಧ ಬೋರ್, ಅರ್ಧ ನಲ್ಲಿ ನೀರು ಹಾಕಿ. ಆದರೆ ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಬೇರೆ ಡ್ರಮ್ಮಲ್ಲಿ ಏರ್ ಸ್ಟೋನ್ ಹಾಕಿ ಎರಡು ದಿನ ಬಾಯಿ ತೆರೆದಿಟ್ಟು ಆಮೇಲೆ ಬೆರೆಸಿ. ತೊಟ್ಟಿಗೆ ಮುಚ್ಚಳ ಇರಲಿ, ಬಿಸಿಲು ಬಿದ್ದರೆ ಪಾಚಿ ಬಂದು ಅಮೋನಿಯಾವನ್ನು ಅದೇ ತಿಂದು ನಿಮ್ಮ ಲೆಕ್ಕ ಕೆಡಿಸುತ್ತೆ.

ಮೀನು ಬಿಡೋದು ದಿನ ಎಣಿಸಿ ಅಲ್ಲ. ಸಂಜೆ 2 ಪಿಪಿಎಂ ಹಾಕಿ, ಮರುದಿನ ಅದೇ ಹೊತ್ತಿಗೆ ಅಮೋನಿಯಾ ಹಳದಿ, ನೈಟ್ರೈಟ್ ತಿಳಿನೀಲಿ, ಅಂದ್ರೆ ಎರಡೂ ಸೊನ್ನೆ. ಹೀಗೆ ಸತತ ಎರಡು ದಿನ ಬಂದರೆ ಮುಗಿದ ಹಾಗೆ. ಮೀನು ಬರೋ ಹಿಂದಿನ ದಿನದವರೆಗೂ ಡೋಸ್ ನಿಲ್ಲಿಸಬೇಡಿ, ಬ್ಯಾಕ್ಟೀರಿಯಾ ಉಪವಾಸ ಬೀಳುತ್ತೆ. ಅಷ್ಟರಲ್ಲಿ ನೈಟ್ರೇಟ್ 80 ದಾಟಿದ್ದರೆ ಅರ್ಧ ನೀರು ಬದಲಿಸಿ ಪುದೀನ, ಬಸಳೆ ನೆಡಿ.

10 ಗ್ರಾಂನ 20 ಮರಿಗೆ ದಿನಕ್ಕೆ 10 ಗ್ರಾಂ ಫೀಡ್ ಹಾಕಿದರೂ ನೀರಿಗೆ ಸೇರೋ ಅಮೋನಿಯಾ 1 ಪಿಪಿಎಂ ಒಳಗೇ. ಹಾಗಾಗಿ 2ಕ್ಕೆ ಪಳಗಿದ ಬೆಡ್ ಧಾರಾಳ ಸಾಕು. ಆದರೂ ಮೊದಲು 10 ಬಿಟ್ಟು ವಾರ ನೋಡಿ. ಜಿಲೇಬಿ ಮೀನು ಅನ್ನೋದಾದರೆ ಮೀನುಗಾರಿಕೆ ಇಲಾಖೆಯಲ್ಲಿ ಅನುಮತಿ ವಿಚಾರಿಸಿ.

ನಿಟುವಳ್ಳಿ_ತಾರಸಿ:

ಖಾಲಿ ಮಾಡಿ, ಜಲ್ಲಿ ತೊಳೆದು, ಅರ್ಧರ್ಧ ನೀರು ತುಂಬಿಸಿ ಆಯ್ತು. ವಿನೆಗರ್‌ಗೆ ನೊರೆ ಬರಲಿಲ್ಲ. ಪಿಎಚ್ 7.9. ಇನ್ನೂ ಏನೂ ಹಾಕಿಲ್ಲ, ಆದರೂ ಅಮೋನಿಯಾ 1 ತೋರಿಸ್ತಿದೆ. ನವಸಾಗರ 50 ಎಂಎಲ್ ಹಾಕಿ 2 ಮಾಡಲಾ?

ದುರ್ಗದ_ಜಲ್ಲಿ:

ಬೇಡ, ಮೂರು ದಿನ ಕಾಯಿರಿ. ಜಲ್ಲಿ ಸಂದಿಯ ಹಳೇ ನೀರಲ್ಲಿ ಒಡೆಯದ ಯೂರಿಯಾ ಇನ್ನೂ ಇದ್ದರೆ ಅದೇ ಏರುತ್ತೆ. ಮೂರನೇ ದಿನವೂ 1ರಲ್ಲೇ ನಿಂತಿದ್ದರೆ ಆಗ 50 ಎಂಎಲ್ ಹಾಕಿ. ಸ್ಪಾಂಜು ಹಿಂಡೋದು ಮಾತ್ರ ಇವತ್ತೇ ಮಾಡಿ.