ನಲಿ-ಕಲಿ ಮುಗಿಸಿ ನಾಲ್ಕನೇ ತರಗತಿಗೆ ಬಂದ ಮಕ್ಕಳು ಯಾವ ವಿಷಯದಲ್ಲಿ ಏನು ಕಲಿಯುತ್ತಾರೆ?

ಪ್ರಶ್ನೆ: ಪೋಷಕ, ಹುಣಸೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿಯವರೆಗೆ ನಲಿ-ಕಲಿಯಲ್ಲಿ, ಅಂದರೆ ಮಕ್ಕಳು ಕಾರ್ಡುಗಳ ಮೂಲಕ ತಮ್ಮದೇ ವೇಗದಲ್ಲಿ ಕಲಿಯುವ ಪದ್ಧತಿಯಲ್ಲಿ, ಓದಿ, ಈ ಜೂನ್‌ನಿಂದ ನಾಲ್ಕನೇ ತರಗತಿಗೆ ಹೋಗುತ್ತಿದ್ದಾಳೆ. ಕಾರ್ಡು, ತಟ್ಟೆ, ಏಣಿ ಎಂದು ದಿನವೂ ಏನಾದರೊಂದು ಹೇಳುತ್ತಿದ್ದವಳು ಈಗ ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಎಂಬ ನಾಲ್ಕು ಪುಸ್ತಕಗಳನ್ನು ಹೊತ್ತು ತರುತ್ತಾಳೆ. ಪಾಠವನ್ನು ತಡವರಿಸದೆ ಗಟ್ಟಿಯಾಗಿ ಓದುತ್ತಾಳೆ; ಆದರೆ ಓದಿದ್ದರ ಬಗ್ಗೆ ಎರಡು ವಾಕ್ಯ ಬರೆ ಎಂದರೆ ಪಾಠದೊಳಗಿನ ಸಾಲನ್ನೇ ಹುಡುಕಿ ಹಾಗೆಯೇ ಇಳಿಸಿಬಿಡುತ್ತಾಳೆ. ಗಣಿತದಲ್ಲೂ ಇದೇ ಕಥೆ. ಕೂಡುವ, ಕಳೆಯುವ ಲೆಕ್ಕ ಸರಿಯಾಗಿ ಬರುತ್ತದೆ, ಅದೇ ಲೆಕ್ಕ ವಾಕ್ಯರೂಪದಲ್ಲಿ ಬಂದರೆ "ಅಪ್ಪಾ, ಇದು ಕೂಡೋದಾ, ಕಳೆಯೋದಾ?" ಎಂದು ನನ್ನ ಮುಖ ನೋಡುತ್ತಾಳೆ.

ಈ ತರಗತಿಯಲ್ಲಿ ಪ್ರತಿ ವಿಷಯದಿಂದ ನಿಜವಾಗಿ ನಿರೀಕ್ಷಿಸುವುದು ಏನನ್ನು? ಮನೆಯಲ್ಲಿ ನಾವು ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1: ಪ್ರಾಥಮಿಕ ಶಾಲಾ ಶಿಕ್ಷಕಿ, ಮೈಸೂರು ಜಿಲ್ಲೆ

ಸರ್, ನೀವು ಹೇಳಿದ ಎರಡು ತೊಂದರೆಗಳೂ ವಾಸ್ತವವಾಗಿ ಒಂದೇ. ಮೂರನೇ ತರಗತಿಯವರೆಗೆ ಮಗು ಓದುವುದನ್ನು ಕಲಿಯುತ್ತದೆ. ನಾಲ್ಕನೇ ತರಗತಿಯ ನಾಲ್ಕೂ ಪುಸ್ತಕಗಳು, ಅದಕ್ಕೆ ಓದಿ ತಿಳಿಯುವುದು ಈಗಾಗಲೇ ಬರುತ್ತದೆ ಎಂದು ಭಾವಿಸಿಕೊಂಡು ಆರಂಭವಾಗುತ್ತವೆ.

ನಲಿ-ಕಲಿ 1995ರಲ್ಲಿ ನಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ನೋಡಿ ಬಂದ ಶಿಕ್ಷಕರಿಂದ ಶುರುವಾಗಿ, 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂದ ಪದ್ಧತಿ. ಅದರಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ಬರೆಯಲು ಸುಲಭವಾದ, ಆಕಾರದಲ್ಲಿ ಹತ್ತಿರವಿರುವ ರ, ಗ, ಸ, ದ, ಅ ಮೊದಲು ಬರುವುದರಿಂದ, ಮಗು ಐದು ಅಕ್ಷರ ಕಲಿತೊಡನೆಯೇ ಸರ, ಅರಸ, ಅಗಸ, ಗರಗಸ ಎಂದು ಅರ್ಥವಿರುವ ಪದಗಳನ್ನೇ ಬರೆಯುತ್ತದೆ. ಪ್ರತಿ ಮಗುವೂ ಏಣಿಯಲ್ಲಿ, ಅಂದರೆ ಕಲಿಕೆಯ ಹಂತಗಳನ್ನು ತೋರಿಸುವ ಪಟದಲ್ಲಿ, ತನ್ನ ಮೆಟ್ಟಿಲನ್ನು ತಾನೇ ನೋಡಿಕೊಂಡು, ಕಾರ್ಡು ತೆಗೆದುಕೊಂಡು, ಶಿಕ್ಷಕರ ನೆರವಿನ ತಟ್ಟೆಯಲ್ಲೋ ಸ್ವಕಲಿಕೆಯ ತಟ್ಟೆಯಲ್ಲೋ (ತಟ್ಟೆ ಎಂದರೆ ಮಕ್ಕಳು ಕೂರುವ ಗುಂಪು) ಕೂರುತ್ತದೆ. ಅಲ್ಲಿ ಕೆಲಸ ಚಿಕ್ಕದು. ಒಂದು ಕಾರ್ಡು ಮುಗಿದರೆ ಮುಂದಿನದು. ನಾಲ್ಕನೆಯದರಲ್ಲಿ ಒಮ್ಮೆಲೇ ಎರಡು ಮೂರು ಪುಟಗಳ ಗದ್ಯವು, ಕೊನೆಯಲ್ಲಿ ಪ್ರಶ್ನೆಗಳೊಂದಿಗೆ, ಇಡೀ ತರಗತಿಗೆ ಒಂದೇ ವೇಗದಲ್ಲಿ ಬರುತ್ತದೆ. ಜೂನ್, ಜುಲೈನಲ್ಲಿ ಮಕ್ಕಳು ಕಂಗಾಲಾಗುವುದು ಸಹಜ.

ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಮುಗಿದಿವೆ ಎಂದಿಟ್ಟುಕೊಂಡು ಗದ್ಯ, ಪದ್ಯ, ಹೊಸ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸುವುದು, ಉಕ್ತಲೇಖನ, ಲೇಖನ ಚಿಹ್ನೆಗಳ ಬಳಕೆ ನಡೆಯುತ್ತವೆ. ನಿಮ್ಮ ಮಗಳು ಸಾಲು ನಕಲು ಮಾಡುವುದನ್ನು ಬಿಡಿಸಲು ಒಂದೇ ಉಪಾಯ: ಪುಸ್ತಕ ಮುಚ್ಚಿಸಿ, ಮೊದಲು ಬಾಯಲ್ಲಿ ಹೇಳಿಸಿ, ಹೇಳಿದ್ದನ್ನೇ ಬರೆಯಲು ಹೇಳಿ. ತಪ್ಪು ಒತ್ತಕ್ಷರವಿದ್ದರೂ ಆ ಕ್ಷಣದಲ್ಲಿ ತಿದ್ದಬೇಡಿ.

ಗಣಿತದಲ್ಲಿ ನಾಲ್ಕಂಕಿ ಸಂಖ್ಯೆಗಳು, ಅವುಗಳ ಸ್ಥಾನಬೆಲೆ, ದಶಕ ಸಹಿತ ಸಂಕಲನ ಮತ್ತು ವ್ಯವಕಲನ, ಗುಣಾಕಾರ, ಭಾಗಾಕಾರ, ಭಿನ್ನರಾಶಿ, ಸುತ್ತಳತೆ, ಉದ್ದ, ತೂಕ, ಕಾಲ, ಹಣ ಬರುತ್ತವೆ. 3002ರಿಂದ 1467 ಕಳೆಯುವಾಗ ನಡುವಿನ ಎರಡು ಸೊನ್ನೆಗಳನ್ನು ದಾಟಿ ಸಾವಿರದಿಂದ ಪಡೆಯಬೇಕಾಗುವುದು ಈ ವರ್ಷದ ಕಠಿಣ ಜಾಗಗಳಲ್ಲೊಂದು. ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದ ಕಲಿಕಾ ಸಾಮಗ್ರಿಗಳ ಕಿಟ್ ಇದ್ದರೆ ಅದರಲ್ಲಿರುವ ಬಿಡಿ, ಹತ್ತು, ನೂರರ ತುಂಡುಗಳನ್ನು ಕೈಯಲ್ಲಿ ಹಿಡಿದೇ ಇದನ್ನು ಕಲಿಯಬೇಕು. ವಾಕ್ಯರೂಪದ ಲೆಕ್ಕದ ವಿಚಾರ ಬೇರೆ. "ತೋಟದಲ್ಲಿ ಒಟ್ಟು 1250 ತೆಂಗಿನಕಾಯಿ ಕಿತ್ತರು, 875 ಮಾರಿದರು, ಉಳಿದವು ಎಷ್ಟು?" ಎಂದು ಕೊಟ್ಟರೆ ನನ್ನ ತರಗತಿಯಲ್ಲಿ ಹಲವರು 2125 ಎಂದು ಬರೆಯುತ್ತಾರೆ, ಏಕೆಂದರೆ "ಒಟ್ಟು" ಕಂಡರೆ ಕೂಡಬೇಕು ಎಂದು ಯಾರೋ ಅವರಿಗೆ ಹೇಳಿಕೊಟ್ಟಿರುತ್ತಾರೆ. ನಾನು ಅಂಕಿಗಳ ಮೇಲೆ ಬೆರಳಿಟ್ಟು ಮುಚ್ಚಿ, ತೋಟದಲ್ಲಿ ಏನಾಯಿತು ಎಂದು ಕೇಳುತ್ತೇನೆ. "ಕಿತ್ರು, ಆಮೇಲೆ ಮಾರಿದ್ರು, ಮಿಸ್" ಎಂದು ಹೇಳಿದ ಮಗು ಮತ್ತೆ ಕೂಡುವುದಿಲ್ಲ.

ಪರಿಸರ ಅಧ್ಯಯನ ಪೋಷಕರು ಅತ್ಯಂತ ಹಗುರವಾಗಿ ಕಾಣುವ ವಿಷಯ, ಆದರೆ ನನ್ನ ಅಭಿಪ್ರಾಯದಲ್ಲಿ ಈ ತರಗತಿಯ ಜೀವಾಳ ಅದೇ. ಪ್ರಾಣಿಗಳು, ನೀರು, ಬೇರು, ಹೂವು, ಆಹಾರ, ವಸತಿ, ತ್ಯಾಜ್ಯ, ನಕ್ಷೆ, ದಿಕ್ಕು ಎಲ್ಲವೂ ಅದರಲ್ಲಿವೆ. ರಾಗಿ ಪೈರನ್ನೂ ತೊಗರಿ ಗಿಡವನ್ನೂ ಬೇರುಸಹಿತ ಕಿತ್ತು ತೊಳೆದು ಪಕ್ಕಪಕ್ಕ ಇಟ್ಟರೆ ತಂತುಬೇರು, ತಾಯಿಬೇರಿನ ವ್ಯತ್ಯಾಸಕ್ಕೆ ಬೇರೆ ವಿವರಣೆ ಬೇಡ. ನಕ್ಷೆಯ ಪಾಠದಲ್ಲಿ ಮಾತ್ರ ಎಚ್ಚರ ಬೇಕು: ಗೋಡೆಗೆ ತೂಗುಹಾಕಿದ ನಕ್ಷೆ ನೋಡಿ ಕಲಿತ ಮಕ್ಕಳು ಉತ್ತರ ಎಂದರೆ ಆಕಾಶದ ಕಡೆ ಕೈ ತೋರಿಸುತ್ತಾರೆ. ನಕ್ಷೆಯನ್ನು ನೆಲಕ್ಕೆ ಹಾಸಿ, ಸೂರ್ಯ ಹುಟ್ಟುವ ಕಡೆಗೆ ಅದರ ಪೂರ್ವವನ್ನು ಹೊಂದಿಸಿ ತೋರಿಸಬೇಕು.

ಉತ್ತರ 2: ನಿವೃತ್ತ ಮುಖ್ಯ ಶಿಕ್ಷಕ

ಮೇಡಂ ಅವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ನಲಿ-ಕಲಿಯ ಮಕ್ಕಳೆಲ್ಲರೂ ಏಣಿಯ ತುದಿ ಮುಟ್ಟಿಯೇ ನಾಲ್ಕಕ್ಕೆ ಬರುತ್ತಾರೆ ಎನ್ನುವಂತಿಲ್ಲ. ಮೂರೂ ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಒಬ್ಬರೇ ಶಿಕ್ಷಕರೊಂದಿಗೆ ಇರುವಾಗ, ಸದ್ದಿಲ್ಲದೆ ಕೂತು ಕಾರ್ಡು ನೋಡಿ ಬರೆದುಕೊಳ್ಳುವ ಮಗು ಕಲಿಯುತ್ತಿರುವಂತೆಯೇ ಕಾಣುತ್ತದೆ. ನಕಲು ಮಾಡುವ ಅಭ್ಯಾಸ ಹುಟ್ಟುವುದು ಅಲ್ಲಿಯೇ. ಅದನ್ನು ಮಗುವಿನ ದೋಷವೆಂದು ತಿಳಿಯಬಾರದು.

ಇಂಗ್ಲಿಷ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಅದು ಒಂದನೇ ತರಗತಿಯಿಂದಲೇ ಇದ್ದರೂ, ನಾಲ್ಕರಲ್ಲಿ ಅದು ಇನ್ನೂ ಎರಡನೇ ಭಾಷೆಯೇ. ಸರಳ ವಾಕ್ಯ ಕೇಳಿ ಅರ್ಥಮಾಡಿಕೊಂಡು, ಪದ್ಯ ಹೇಳಿ, ಚಿಕ್ಕ ಪ್ರಶ್ನೆಗೆ ಉತ್ತರಿಸಿದರೆ ಸಾಕು. ಸ್ಪೆಲ್ಲಿಂಗ್ ಉರು ಹೊಡೆಸಲು ಹೋಗಿ ಕನ್ನಡದ ಓದಿನ ಸಮಯವನ್ನು ತಿಂದುಬಿಡಬೇಡಿ.

ಮನೆಯಲ್ಲಿ ಲೆಕ್ಕ ಬೇಕಿದ್ದರೆ ಶಾಲೆಯ ಬಿಸಿಹಾಲಿನಿಂದಲೇ ಮಾಡಿಸಿ. ಕ್ಷೀರಭಾಗ್ಯದಲ್ಲಿ ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿಲೀಟರ್ ಹಾಲು. ತರಗತಿಯಲ್ಲಿ 28 ಮಕ್ಕಳಿದ್ದರೆ 4200 ಮಿಲಿಲೀಟರ್, ಅಂದರೆ 4 ಲೀಟರ್ 200 ಮಿಲಿಲೀಟರ್. ಇಬ್ಬರು ಬಾರದ ದಿನ ಎಷ್ಟು ಉಳಿಯುತ್ತದೆ ಎಂದು ಕೇಳಿ. ಕೂಡುವುದೋ ಕಳೆಯುವುದೋ ಎಂದು ಅವಳೇ ತೀರ್ಮಾನಿಸುತ್ತಾಳೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಪಕ್ಕದ ಮನೆಯವರು ನಾಲ್ಕೂ ವಿಷಯಗಳ ಪ್ರಶ್ನೋತ್ತರವಿರುವ ಗೈಡ್ ಕೊಡಿಸಿದ್ದಾರೆ, ನಾವೂ ಕೊಡಿಸೋಣವೇ ಎಂಬ ಯೋಚನೆಯಲ್ಲಿದ್ದೆ. ಪರೀಕ್ಷೆಗೆ ಅದು ನೆರವಾಗುವುದೇ?

ಪ್ರಾಥಮಿಕ ಶಾಲಾ ಶಿಕ್ಷಕಿ

ಬೇಡ ಸರ್. ಗೈಡಿನಲ್ಲಿರುವುದು ಆಕೆ ಈಗಾಗಲೇ ಪಾಠದಿಂದ ಎತ್ತಿ ಬರೆಯುತ್ತಿರುವ ಆ ಸಾಲುಗಳೇ. ವರ್ಷದಲ್ಲಿ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವೆಯೇ ನಡೆಯುವ), ಎರಡು ಸಂಕಲನಾತ್ಮಕ (ಅವಧಿಯ ಕೊನೆಯಲ್ಲಿ ನಡೆಯುವ) ಮೌಲ್ಯಮಾಪನಗಳಿರುತ್ತವೆ. ರೂಪಣಾತ್ಮಕದಲ್ಲಿ ಮಗು ತಾನೇ ಮಾಡಿದ ಚಟುವಟಿಕೆ, ಹೇಳಿದ ಮಾತು, ಬರೆದ ಚಿತ್ರ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಮುಂದಿನ ಪೋಷಕರ ಸಭೆಗೆ ಹೋದಾಗ ಗ್ರೇಡ್ ಕೇಳುವ ಮೊದಲು ಅವಳ ಪರಿಸರ ಅಧ್ಯಯನದ ನೋಟ್ ಪುಸ್ತಕವನ್ನು ತರಿಸಿ ನೋಡಿ. ಅದರಲ್ಲಿ ಅವಳದೇ ಮಾತಿನ ವಾಕ್ಯಗಳು ಎಷ್ಟಿವೆ ಎಂದು ನೋಡಿಕೊಂಡು, ಕಡಿಮೆ ಇದ್ದರೆ ತರಗತಿಯ ಶಿಕ್ಷಕರೊಂದಿಗೆ ಅದನ್ನೇ ಮಾತಾಡಿ.