ನಮ್ ಪಾಸರ್ ಸನ್ನೆ ಎದುರು ಟೀಮಿನ ವಾಚಿಗೆ ಹೋಗ್ತಾ ಇತ್ತಾ? ಬೇಸ್‌ಬಾಲ್‌ನಲ್ಲಿ ಇಂಥದ್ದು ಹೇಗೆ ಹಿಡಿದ್ರು?

ಅಂಕೋಲಾ ಬ್ಲಾಕರ್:
ಎಲ್ರಿಗೂ ನಮಸ್ಕಾರ. ಹೋದ ವಾರ ಕುಮಟಾ ಕಡೆ ಒಂದು ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗೆ ಹೋಗಿದ್ವಿ, ಸೆಮಿಫೈನಲ್‌ನಲ್ಲಿ ಸೋತ್ವಿ, ಸೋತಿದ್ದು ಬೇರೆ ಮಾತು ಆದ್ರೆ ಒಂದು ವಿಷಯ ತಲೆಯಿಂದ ಹೋಗ್ತಾನೇ ಇಲ್ಲ. ನಮ್ ಪಾಸರ್, ಅಂದ್ರೆ ಹೊಡೆಯೋರಿಗೆ ಬಾಲು ಎತ್ತಿ ಕೊಡೋನು, ಸರ್ವಿಸ್‌ಗೆ ಮೊದ್ಲು ನೆಟ್‌ಗೆ ಬೆನ್ನು ಹಾಕಿ ಎದೆ ಹತ್ರ ಬೆರಳು ತೋರಿಸ್ತಾನೆ, ಒಂದು ಅಂದ್ರೆ ಮಧ್ಯದಲ್ಲಿ ಕ್ವಿಕ್ (ಗಿಡ್ಡ ಎತ್ತಿದ ಬಾಲು ಕೂಡ್ಲೇ ಹೊಡೆಯೋದು), ಎರಡು ಅಂದ್ರೆ ಹಿಂದಿಂದ ಹೊಡೆಯೋದು. ಎದುರಿನವ್ರಿಗೆ ಕಾಣೋದಿಲ್ಲ, ಆದ್ರೆ ನಮ್ ಕೋರ್ಟ್ ಹಿಂದೆ ನಿಂತವ್ರಿಗೆ ಪೂರ್ತಿ ಕಾಣ್ತದೆ. ಅಲ್ಲಿ ಒಬ್ಬ ಫೋನ್ ಹಿಡ್ಕೊಂಡು ನಿಂತಿದ್ದ, ಸೆಟ್ ಮುಗಿದು ನಾವು ಕೋರ್ಟ್ ಬದಲಿಸಿದ್ರೆ ಅವನೂ ಸುತ್ತು ಹಾಕಿ ಮತ್ತೆ ನಮ್ ಬೆನ್ನ ಹಿಂದೇನೇ ಬಂದು ನಿಲ್ತಿದ್ದ. ಎದುರು ಕ್ಯಾಪ್ಟನ್ ಕೈಯಲ್ಲಿ ಸ್ಮಾರ್ಟ್ ವಾಚು, ಸೀಟಿ ಊದೋಕೆ ಮುಂಚೆ ಪ್ರತಿ ಸಲ ಒಮ್ಮೆ ಮಣಿಕಟ್ಟು ನೋಡೋದು, ಕೂಡ್ಲೇ ಇಬ್ರು ಬ್ಲಾಕಿಗೆ ಮಧ್ಯಕ್ಕೆ ಬಂದು ನಿಲ್ಲೋದು. ಕಮಿಟಿಯವ್ರಿಗೆ ಹೇಳಿದ್ರೆ ವಾಚ್ ಕಟ್ಬಾರ್ದು ಅಂತ ನಮ್ ನಿಯಮದಲ್ಲಿ ಇಲ್ಲ ಅಂದ್ರು. ಅಮೆರಿಕದ ಬೇಸ್‌ಬಾಲ್‌ನಲ್ಲಿ ವಾಚ್ ಇಟ್ಕೊಂಡು ಹೀಗೇ ಮಾಡಿದ್ರು ಅಂತ ಗೆಳೆಯ ಹೇಳ್ದ, ಗೊತ್ತಿದ್ದವ್ರು ಬಿಡಿಸಿ ಹೇಳ್ತೀರಾ.

ಶಿರಸಿ ಸಾಫ್ಟ್‌ಬಾಲ್:
ನಾನು ಶಾಲೆ ಮಕ್ಕಳಿಗೆ ಸಾಫ್ಟ್‌ಬಾಲ್ ಆಡಿಸೋನು, ಹಾಗಾಗಿ ಈ ಕಥೆ ಹಿಂದೆ ಬಿದ್ದು ಓದಿದ್ದೆ. ಬೇಸ್‌ಬಾಲ್‌ನಲ್ಲಿ ಬ್ಯಾಟ್ಸ್‌ಮನ್ ಹಿಂದೆ ಕೂತ ಕ್ಯಾಚರ್ ತೊಡೆ ಮಧ್ಯೆ ಬೆರಳು ತೋರಿಸಿ ಯಾವ ಎಸೆತ ಹೇಳಿ ಬಾಲು ಎಸೆಯೋ ಪಿಚರ್‌ಗೆ ತಿಳಿಸ್ತಾನೆ. ಗಂಟೆಗೆ 150 ಕಿಲೋಮೀಟರ್ ಮೇಲೆ ಬರೋ ಬಾಲು ಮುಟ್ಟೋಕೆ 0.4 ಸೆಕೆಂಡು, ಅದು ನೇರ ಬರ್ತದಾ ಡೊಂಕಾಗಿ ಇಳೀತದಾ ಹೇಳಿ ಮೊದ್ಲೇ ಗೊತ್ತಾದ್ರೆ ಹೊಡೆಯೋನಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಪಿಚರ್ ಬೆನ್ನ ಹಿಂದೆ ಎರಡನೇ ಬೇಸ್‌ನಲ್ಲಿ ನಿಂತ ಎದುರು ಟೀಮಿನ ಓಟಗಾರನಿಗೆ ಆ ಬೆರಳು ನೇರವಾಗಿ ಕಾಣ್ತದೆ, ಅವನು ಕಣ್ಣಲ್ಲಿ ನೋಡಿ ತನ್ನ ಬ್ಯಾಟ್ಸ್‌ಮನ್‌ಗೆ ಸನ್ನೆ ಮಾಡಿದ್ರೆ ತಪ್ಪಲ್ಲ, ಅದು ಆಟದ್ದೇ ಭಾಗ.

2017ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಟೀಮಿನವ್ರು ಮಾಡಿದ್ದು ಬೇರೆ. ರೀಪ್ಲೇ ನೋಡೋ ಕೋಣೆಲಿ ಕೂತವ್ರು ಕ್ಯಾಚರ್ ಸನ್ನೆ ಬಿಡಿಸಿ ಡಗೌಟ್‌ನಲ್ಲಿದ್ದ (ಮೈದಾನದ ಬದಿ ಟೀಮು ಕೂರೋ ಜಾಗ) ಟ್ರೈನರ್ ಒಬ್ಬನ ಆಪಲ್ ವಾಚಿಗೆ ಕಳಿಸೋದು, ಅವನು ಆಟಗಾರರಿಗೆ ಹೇಳೋದು, ಅಲ್ಲಿಂದ ಎರಡನೇ ಬೇಸಿಗೆ, ಅಲ್ಲಿಂದ ಬ್ಯಾಟ್ಸ್‌ಮನ್‌ಗೆ. ನ್ಯೂಯಾರ್ಕ್ ಯಾಂಕೀಸ್‌ನವ್ರು ವಿಡಿಯೋ ಸಮೇತ ದೂರು ಕೊಟ್ರು. ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಸೆಪ್ಟೆಂಬರ್‌ನಲ್ಲಿ ದಂಡ ಹಾಕಿದ್ರು, ಎಷ್ಟು ಅಂತ ಬಹಿರಂಗ ಮಾಡ್ಲಿಲ್ಲ, ಆ ದುಡ್ಡು ಫ್ಲೋರಿಡಾದ ಚಂಡಮಾರುತ ಸಂತ್ರಸ್ತರಿಗೆ ಹೋಯ್ತು. ಯಾಂಕೀಸ್‌ಗೂ ಸಣ್ಣ ದಂಡ ಬಿತ್ತು, ಹಿಂದೆ ಒಂದು ಸೀಸನ್‌ನಲ್ಲಿ ಡಗೌಟ್ ಫೋನ್ ಸರಿಯಾಗಿ ಬಳಸ್ಲಿಲ್ಲ ಹೇಳಿ. ನನ್ನ ಪ್ರಕಾರ ಅದು ಬಹಳ ಹಗುರ ಶಿಕ್ಷೆ.

ಕಾರವಾರ ಕಡಲತಡಿ:
ಕ್ರಿಕೆಟ್‌ನಲ್ಲೂ ಆಗಿದೆ. 1999ರ ವಿಶ್ವಕಪ್‌ನಲ್ಲಿ ನಮ್ಮ ಮೇಲಿನ ಪಂದ್ಯಕ್ಕೇ ದಕ್ಷಿಣ ಆಫ್ರಿಕಾ ಕ್ಯಾಪ್ಟನ್ ಹ್ಯಾನ್ಸಿ ಕ್ರೋನಿಯೆ ಕಿವೀಲಿ ಇಯರ್‌ಪೀಸ್ ಹಾಕ್ಕೊಂಡು ಕೋಚ್ ಬಾಬ್ ವೂಲ್ಮರ್ ಜೊತೆ ಮಾತಾಡ್ತಿದ್ದ, ಅಲ್ಲೇ ತೆಗೆಸಿದ್ರು. ಆಗ ಅದನ್ನ ಬೇಡ ಅನ್ನೋ ನಿಯಮಾನೇ ಇರ್ಲಿಲ್ಲ, ಆಮೇಲೆ ಬಂತು. ನಿಮ್ಮ ಕಮಿಟಿ ಹೇಳಿದ್ದೂ ಅದೇ ಥರ ಉತ್ತರ, ನಿಯಮ ಇಲ್ಲ ಅಂದ್ರೆ ಈಗ ಬರೀಬೇಕಪ್ಪ.

ಹೊನ್ನಾವರ ಶರಾವತಿ:
ಅಂಕೋಲಾದವ್ರೆ, ಬೇಸ್‌ಬಾಲ್‌ನ ಹೂಸ್ಟನ್ ಆಸ್ಟ್ರೋಸ್ ಟೀಮಿನ ಕಥೆ ಓದ್ಲೇಬೇಕು ನೀವು. ಅವ್ರು 2017ರಲ್ಲಿ ಸೆಂಟರ್ ಫೀಲ್ಡ್ ಕ್ಯಾಮೆರಾದಲ್ಲಿ ಸನ್ನೆ ನೋಡಿ ಡಗೌಟ್ ಪಕ್ಕದ ಕಸದ ಡಬ್ಬಿ ಬಡಿದು ಬ್ಯಾಟ್ಸ್‌ಮನ್‌ಗೆ ಹೇಳ್ತಿದ್ರು, ಅದೇ ವರ್ಷ ಅಲ್ಲಿನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ರು. ಅವ್ರಲ್ಲೇ ಆಡಿದ್ದ ಮೈಕ್ ಫೈಯರ್ಸ್ 2019ರಲ್ಲಿ ಬಾಯಿ ಬಿಟ್ಟ ಮೇಲೆ ಹೊರಗೆ ಬಂತು. 2020ರ ಜನವರಿಯಲ್ಲಿ 50 ಲಕ್ಷ ಡಾಲರ್ ದಂಡ, ಮ್ಯಾನೇಜರ್ ಮತ್ತೆ ಜನರಲ್ ಮ್ಯಾನೇಜರ್ ಇಬ್ರಿಗೂ ಒಂದು ವರ್ಷ ನಿಷೇಧ, ಅವತ್ತೇ ಮಾಲೀಕ ಅವ್ರನ್ನ ಮನೆಗೂ ಕಳಿಸಿದ. ಆಟಗಾರರಿಗೆ ಮಾತ್ರ ಏನೂ ಇಲ್ಲ, ಇದು ನಂಗೆ ಇವತ್ತಿಗೂ ಒಪ್ಪೋಕಾಗೋದಿಲ್ಲ. ಆಮೇಲೆ ಆ ಟೀಮಿನ ಅಭಿಮಾನೀನೇ ಒಬ್ಬ ಹಳೇ ವಿಡಿಯೋ ಹಾಕ್ಕೊಂಡು ಕೂತು 58 ಪಂದ್ಯದ 8,200ಕ್ಕೂ ಜಾಸ್ತಿ ಎಸೆತ ಒಂದೊಂದಾಗಿ ಕೇಳಿ 1,143 ಬಡಿತ ಲೆಕ್ಕ ಹಾಕ್ದ! ಪ್ರೀತಿಸಿದ ಟೀಮಿನ ತಪ್ಪನ್ನ ಹೀಗೆ ಕೂತು ಎಣಿಸೋಕೆ ಎಷ್ಟು ಗಟ್ಟಿ ಮನಸ್ಸು ಬೇಕು ಹೇಳಿ.

ಆದ್ರೆ ಇನ್ನೊಂದು ಮಗ್ಗುಲೂ ಇದೆ. 2019ರಲ್ಲಿ ಅದೇ ಆಸ್ಟ್ರೋಸ್ ಆಟಗಾರ ಆಲ್ಟೂವೆ ಹೋಮ್ ರನ್ ಹೊಡೆದು ಓಡಿ ಬರುವಾಗ ಜರ್ಸಿ ಹರೀಬೇಡಿ ಅಂತ ಹಿಡ್ಕೊಂಡಿದ್ದಕ್ಕೆ ಸನ್ನೆ ತಿಳಿಯೋಕೆ ಮೈಮೇಲೆ ನಡುಗೋ ಬಜರ್ ಅಂಟಿಸ್ಕೊಂಡಿದ್ದ ಅಂತ ಊರೆಲ್ಲ ಸುದ್ದಿ ಆಯ್ತು. ಅವನು ಇಲ್ಲ ಅಂದ, ತನಿಖೆಯಲ್ಲೂ ಬಜರಿಗೆ ಸಾಕ್ಷಿ ಸಿಗ್ಲಿಲ್ಲ, ಹೆಸ್ರಿಗೆ ಅಂಟಿದ್ದು ಮಾತ್ರ ಹೋಗ್ಲಿಲ್ಲ. ಅದಕ್ಕೇ ಆ ಕ್ಯಾಪ್ಟನ್ ಹೆಸ್ರು, ಊರು ಇಲ್ಲಿ ಹಾಕ್ಬೇಡಿ. ನಿಮ್ ಹತ್ರ ಮ್ಯಾಚ್ ವಿಡಿಯೋ ಇದ್ರೆ ಎಣಿಸಿ ನೋಡಿ.

ಅಂಕೋಲಾ ಬ್ಲಾಕರ್:
ಎರಡು ರಾತ್ರಿ ಕೂತು ನೋಡ್ದೆ. ಮೂರನೇ ಸೆಟ್‌ನಲ್ಲಿ 8 ಪಾಯಿಂಟಿಗೆ ಕೋರ್ಟ್ ಬದಲಾದಾಗ ಜನ ತುಂಬಿ ಆ ಫೋನಿನವನಿಗೆ ಈಚೆ ಬರೋಕೆ ತಡ ಆಗಿದೆ, ಅಷ್ಟರಲ್ಲಿ ನಮ್ ಎರಡು ಕ್ವಿಕ್ ಸಲೀಸಾಗಿ ಬಿದ್ದಿದೆ. ಆದ್ರೆ ಇನ್ನೊಂದೂ ಕಂಡಿತು, ರಿಸೀವ್ ಚೆನ್ನಾಗಿ ಬಂದಾಗೆಲ್ಲ ನಮ್ ಪಾಸರ್ ಕ್ವಿಕ್ ಬಿಟ್ಟು ಬೇರೆ ಕೊಟ್ಟೇ ಇಲ್ಲ. ವಾಚ್ ಇಲ್ದೇನೂ ಒಂದು ಒಳ್ಳೇ ಬ್ಲಾಕರ್ ಅದನ್ನ ಓದ್ತಿದ್ದ. ಎರಡು ಬಾಲು ಇಟ್ಕೊಂಡು ಯಾರನ್ನೂ ಕಳ್ಳ ಅನ್ನೋಕೆ ನಂಗೆ ಮನಸ್ಸಿಲ್ಲ. ಇನ್ಮುಂದೆ ವಾಚು, ಫೋನು ಎರಡೂ ಸ್ಕೋರರ್ ಟೇಬಲ್ ಮೇಲೆ ಇಡ್ಬೇಕು ಅಂತ ಕಮಿಟಿಗೆ ಬರೆದು ಕೊಡ್ತೇನೆ. ಸನ್ನೆ ಹೇಗೆ ಕಾಪಾಡ್ಕೊಳ್ಳೋದು ಅದೊಂದು ಹೇಳಿ.

ಶಿರಸಿ ಸಾಫ್ಟ್‌ಬಾಲ್:
ಅಮೆರಿಕದ ಬೇಸ್‌ಬಾಲ್‌ನಲ್ಲಿ 2022ರಿಂದ ಪಿಚ್‌ಕಾಮ್ ಹೇಳಿ ಬಂತು, ಕ್ಯಾಚರ್ ಕೈಗೆ ಕಟ್ಟಿದ ಗುಂಡಿ ಒತ್ತಿದ್ರೆ ಪಿಚರ್ ಟೊಪ್ಪಿ ಒಳಗೆ ಮಾತು ಕೇಳ್ತದೆ, ಬೆರಳೇ ಬೇಡ. ನಮಗೆ ಅದೆಲ್ಲ ಬೇಡ, ಅದಕ್ಕೂ ಮುಂಚಿನ ಉಪಾಯ ಸಾಕು. ಕ್ಯಾಚರ್‌ಗಳು ನಾಲ್ಕೈದು ಸನ್ನೆ ಒಟ್ಟಿಗೆ ಕೊಟ್ಟು ಅದ್ರಲ್ಲಿ ಎಷ್ಟನೇದು ನಿಜ ಅನ್ನೋದನ್ನ ಮೊದ್ಲೇ ಮಾತಾಡ್ಕೊಂಡಿರ್ತಿದ್ರು. ನೀವೂ ಮೂರು ಸಲ ಬೆರಳು ತೋರಿಸಿ, ನಿಮ್ ಸ್ಕೋರ್ ಸಮಸಂಖ್ಯೆ ಇದ್ರೆ ಮೊದಲನೇದು ನಿಜ, ಬೆಸಸಂಖ್ಯೆ ಇದ್ರೆ ಕೊನೇದು. ನನ್ನ ಏಳನೇ ಕ್ಲಾಸಿನ ಮಕ್ಳು ಎರಡು ಸಂಜೇಲಿ ಕಲ್ತಿದ್ರು.

ಅಂಕೋಲಾ ಬ್ಲಾಕರ್:
ಬಹಳ ಉಪಕಾರ ಸರ್. ನಾಳೆ ಸಂಜೆ ಪ್ರಾಕ್ಟೀಸಿಗೆ ಮೊದ್ಲು ಇದೇ.