ಹಾರ್ಡಿಯ ಚಳಿಗಾಲದ ಕವಿತೆ: ನಮ್ಮ ಕಡೆಯ ಮಕ್ಕಳಿಗೆ ಆ ಮಂಕು ಮುಟ್ಟಿಸುವುದು ಹೇಗೆ?

ಕಡಲಂಚು (ಕಾರವಾರ):
ಪದವಿ ತರಗತಿಗೆ ಇಂಗ್ಲಿಷ್ ಕವಿ ಥಾಮಸ್ ಹಾರ್ಡಿಯ ‘ದಿ ಡಾರ್ಕ್‌ಲಿಂಗ್ ಥ್ರಶ್’ ಪಾಠ ಮಾಡಬೇಕು. ಚಳಿಗಾಲದ ಮಂಕು ಸಂಜೆಯಲ್ಲಿ ಒಬ್ಬನೇ ನಿಂತ ಕವಿಗೆ ಥ್ರಶ್ ಎಂಬ ಹಾಡುಹಕ್ಕಿಯ ದನಿ ಕೇಳಿಸುವ ಕವಿತೆ ಅದು. ಶಬ್ದಾರ್ಥ ಹೇಳಿಕೊಟ್ಟ ಮೇಲೂ ಮಕ್ಕಳು ‘ಕವಿ ಚಳಿಗಾಲದ ಸೌಂದರ್ಯವನ್ನು ವರ್ಣಿಸಿದ್ದಾನೆ’ ಎಂದೇ ಬರೆಯುತ್ತಾರೆ. ಒಂದೊಂದು ಪ್ರತಿಮೆ ಸೇರಿ ಮಂಕು ಹೇಗೆ ಕವಿಯುತ್ತದೆ ಎಂದು ತೋರಿಸಿಕೊಡುವ ದಾರಿ ಬೇಕು. ಇನ್ನೊಂದು, ಕೊನೆಯಲ್ಲಿ ಭರವಸೆ ಇದೆ ಎಂದು ಬರೆಸಬಹುದೇ?

ಸೊಪ್ಪಿನಬೆಟ್ಟ (ಶಿರಸಿ):
ಮೇಡಂ, ಎಡವಟ್ಟಾಗುವುದು ಋತುವಿನಲ್ಲೇ. ಶಿರಸಿ ಕಡೆ ಡಿಸೆಂಬರ್ ಎಂದರೆ ಅಡಿಕೆ ಕೊನೆ ಕೊಯ್ಲು, ಉರಿಯುವ ಒಲೆ, ರಾತ್ರಿ ಅಡಿಕೆ ಸುಲಿಯುವವರ ಮಾತುಕತೆ. ಬೆಳಿಗ್ಗೆ ಮಂಜು ಕವಿದರೂ ಹೊತ್ತೇರಿದಂತೆ ಬಿಸಿಲು ಬರುತ್ತದೆ. ಕಾರವಾರದಲ್ಲಂತೂ ಅದೇ ವರ್ಷದ ಹಿತವಾದ ಕಾಲ. ‘ವಿಂಟರ್’ ಅನ್ನು ‘ಚಳಿಗಾಲ’ ಎಂದ ಕೂಡಲೇ ಈ ಹಿತವೆಲ್ಲ ಕವಿತೆಯೊಳಗೆ ನುಗ್ಗುತ್ತದೆ.

ಕವಿತೆಯ ಸಂಜೆಯ ಮಂದ ಬೆಳಕು ಎಂಥದ್ದು ಎಂದು ತಿಳಿಯಲು ಆಷಾಢದ ಸಂಜೆ ನೆನಪಿಸಿ: ದೀಪ ಹಚ್ಚುವ ಮೊದಲೇ ಕತ್ತಲು, ಎಲ್ಲರೂ ಬೆಂಕಿ ಪಕ್ಕ. ಹಾರ್ಡಿಯಲ್ಲೂ ಊರವರೆಲ್ಲ ಮನೆಯ ಬೆಂಕಿಯ ಬಳಿ ಇದ್ದಾರೆ, ಹೊರಗಿರುವವನು ಅವನೊಬ್ಬನೇ. ಆದರೆ ಆಷಾಢದಲ್ಲಿ ನಮ್ಮ ಕಾಡು ಹಚ್ಚಹಸಿರು. ಕವಿತೆಯ ಮರಗಳ ಬೋಳುತನಕ್ಕೆ ಮುಂಡಗೋಡದ ಸಾಗವಾನಿ ಎಲೆ ಉದುರಿಸಿ ನಿಂತ ಫೆಬ್ರವರಿ-ಮಾರ್ಚ್ ಹೇಳಿ. ಎರಡನ್ನೂ ಕೂಡಿಸಿಕೊಂಡರೆ ಅಂದಾಜು ಸಿಗುತ್ತದೆ.

ಕವಿ ಒರಗಿ ನಿಂತ ಗೇಟನ್ನು ದಣಪೆ ಎನ್ನಿ, ಮಕ್ಕಳಿಗೆ ಥಟ್ಟನೆ ಕಾಣುತ್ತದೆ. ಅದರಾಚೆಗಿನ ‘ಕಾಪಿಸ್’ ಎಂದರೆ ಬುಡಕ್ಕೆ ಕಡಿದು ಮತ್ತೆ ಚಿಗುರಲು ಬಿಡುವ ಸಣ್ಣ ಮರದ ತೋಪು. ಅಡಿಕೆ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟ ಅದಕ್ಕೆ ಹತ್ತಿರ, ಆದರೆ ಇಲ್ಲಿ ಕಡಿಯುವುದು ಟೊಂಗೆಯನ್ನು. ‘ಫ್ರಾಸ್ಟ್’ ಅನ್ನು ಮಾತ್ರ ಇಬ್ಬನಿ ಎನ್ನಬೇಡಿ. ಇಬ್ಬನಿ ಹನಿಹನಿಯಾಗಿ ಮಿನುಗುತ್ತದೆ. ಫ್ರಾಸ್ಟ್ ನೆಲದ ಮೇಲೆ ಹೆಪ್ಪುಗಟ್ಟಿದ ಹಿಮ. ಮುಸ್ಸಂಜೆಯಲ್ಲಿ ಅದು ಬೂದು ಬಣ್ಣ, ಕವಿಗೆ ಪ್ರೇತದ ಬಣ್ಣ. ಇದೊಂದು ತಪ್ಪಿದರೆ ಮೊದಲ ಪದ್ಯವೇ ಹೊಳೆಯತೊಡಗುತ್ತದೆ, ಮಂಕು ಹೋಗಿಬಿಡುತ್ತದೆ.

ವಿಭಾವ:
ಅಲಂಕಾರದ ಹೆಸರು ಬರೆಸಿ ಬಿಡುವುದು ಸಾಲದು, ಅದು ಮಾಡುವ ಕೆಲಸ ನೋಡಬೇಕು. ಆಕಾಶಕ್ಕೆ ಅಡ್ಡಡ್ಡ ಗೆರೆ ಎಳೆದಂತಿರುವ ಒಣಬಳ್ಳಿ ಹರಿದ ತಂತಿವಾದ್ಯದ ಹಾಗೆ ಎಂಬುದು ಉಪಮೆ. ಸೂರ್ಯ ‘ಹಗಲಿನ ಕಣ್ಣು’, ಅದೂ ಮಂದವಾಗುತ್ತಿರುವ ಕಣ್ಣು, ಎಂಬುದು ರೂಪಕ. ಎರಡನೇ ಪದ್ಯದಲ್ಲಿ ನೆಲದ ಚೂಪು ಏರಿಳಿತ ಸತ್ತ ಶತಮಾನದ ಹೆಣದಂತೆ ‘ತೋರಿತು’ ಎನ್ನುತ್ತಾನೆ. ನಮ್ಮ ಲಾಕ್ಷಣಿಕರ (ಅಲಂಕಾರಶಾಸ್ತ್ರ ಬರೆದವರ) ಲೆಕ್ಕದಲ್ಲಿ ಇದು ಉತ್ಪ್ರೇಕ್ಷೆ, ಅಂದರೆ ಒಂದನ್ನು ಇನ್ನೊಂದೇನೋ ಎಂದು ಊಹಿಸಿ ಹೇಳುವ ಅಲಂಕಾರ. ‘ತೋರಿತು’ ಎನ್ನಲು ಕವಿ ಬಳಸಿದ ‘ಸೀಮ್ಡ್’ ಎಂಬ ಪದ ಇದೇ ಪದ್ಯದಲ್ಲಿ ಎರಡು ಸಲ ಬರುತ್ತದೆ: ಒಮ್ಮೆ ನೆಲದ ಬಗ್ಗೆ, ಇನ್ನೊಮ್ಮೆ ಲೋಕದ ಜೀವಗಳೆಲ್ಲ ತನ್ನಂತೆಯೇ ಉತ್ಸಾಹ ಸತ್ತವು ಎನ್ನುವಾಗ. ಮಂಕು ನೆಲದಲ್ಲಿಲ್ಲ, ನೋಡುವವನ ಕಣ್ಣಲ್ಲಿದೆ ಎಂಬುದನ್ನು ಅವನೇ ಒಪ್ಪಿಕೊಂಡ ಹಾಗಾಯಿತು. ಮಕ್ಕಳು ಆ ಪದಕ್ಕೆ ಅಡಿಗೆರೆ ಹಾಕಲಿ.

ಶತಮಾನ ಏಕೆ ಎಂದು ಕೇಳಿದರೆ: ಕವಿತೆ ಅಚ್ಚಾದದ್ದು 1900ರ ಡಿಸೆಂಬರ್ ಕೊನೆಗೆ, ‘ಶತಮಾನದ ಮರಣಶಯ್ಯೆಯ ಬಳಿ’ ಎಂಬರ್ಥದ ಶೀರ್ಷಿಕೆಯಲ್ಲಿ. ಮೋಡ ಸಮಾಧಿಯ ಚಾವಣಿ, ಗಾಳಿ ಸಾವಿನ ಹಾಡು. ಎಲ್ಲವೂ ಒಂದೇ ಹೆಣದ ಸುತ್ತ ಸೇರುತ್ತವೆ.

ತರಗತಿಗೆ ಒಂದು ಕೆಲಸ: ಅರ್ಥ ಹೇಳದೆ ಎರಡು ಸಲ ಗಟ್ಟಿಯಾಗಿ ಓದಿ. ಹಾಳೆಯಲ್ಲಿ ‘ಕಂಡದ್ದು’, ‘ಕೇಳಿದ್ದು’ ಎಂದು ಎರಡು ಪಟ್ಟಿ ಮಾಡಿಸಿ. ಕವಿತೆಯ ಮೊದಲ 16 ಸಾಲುಗಳಲ್ಲಿ, ಅಂದರೆ ಮೊದಲೆರಡು ಪದ್ಯಗಳಲ್ಲಿ, ‘ಕಂಡದ್ದು’ ತುಂಬಿಹೋಗುತ್ತದೆ. ‘ಕೇಳಿದ್ದು’ ಎಂಬಲ್ಲಿ ಗಾಳಿಯೊಂದೇ; ಹರಿದ ತಂತಿಗೆ ದನಿಯಿಲ್ಲ. ಮೂರನೇ ಪದ್ಯದಲ್ಲಿ ಕಾಣುವ ಮೊದಲೇ ದನಿ ಬರುತ್ತದೆ, ಆಮೇಲೆ ಹಕ್ಕಿ. ಬೆಳಕು ಸೋತಲ್ಲಿ ಕಿವಿ ಕೆಲಸ ಶುರುಮಾಡುತ್ತದೆ. ‘ಡಾರ್ಕ್‌ಲಿಂಗ್’ ಎಂದರೆ ಕತ್ತಲಲ್ಲಿ ಎಂದೇ ಅರ್ಥ. ಆ ಹಾಡಿಗೆ ಕವಿ ಬಳಸುವುದೂ ಚರ್ಚಿನ ಸಂಜೆ ಪ್ರಾರ್ಥನೆಯ ಪದ, ಕ್ರಿಸ್‌ಮಸ್ ಹಾಡಿನ ಪದ. ಮೇಜು ತಟ್ಟುತ್ತ ಓದಿಸಿದರೆ ಸಾಲುಗಳಿಗೆ ನಾಲ್ಕು ಪೆಟ್ಟು, ಮೂರು ಪೆಟ್ಟು ಒಂದಾದ ಮೇಲೊಂದು ಬೀಳುತ್ತವೆ. ಅದು ಚರ್ಚಿನ ಹಾಡುಗಳದೇ ನಡೆ.

ಕಡಲಂಚು:
ಹಾಗಾದರೆ ‘ಹಕ್ಕಿ ಭರವಸೆಯ ಸಂಕೇತ’ ಎಂದು ಬರೆದರೆ ಪೂರ್ತಿ ಅಂಕ ಕೊಡಬಹುದೇ ಸರ್?

ವಿಭಾವ:
ನಾನಂತೂ ಅರ್ಧ ಕೊಡುತ್ತೇನೆ. ಆ ಹಕ್ಕಿ ಮುದಿ, ಬಡಕಲು, ಗಾಳಿಗೆ ಪುಕ್ಕ ಕೆದರಿದ್ದು. ಇದನ್ನು ಬಿಟ್ಟರೆ ಯಾವ ಹಕ್ಕಿಯಾದರೂ ನಡೆದೀತು. ಕವಿ ‘ಭರವಸೆ ಸಿಕ್ಕಿತು’ ಎನ್ನುವುದೂ ಇಲ್ಲ. ಅಷ್ಟು ಹಾಡಲು ಸುತ್ತಲೂ ಕಾರಣವೇ ಕಾಣದ್ದರಿಂದ, ಅದಕ್ಕೇನೋ ಭರವಸೆ ಗೊತ್ತಿರಬೇಕು ಎಂದುಕೊಳ್ಳ‘ಬಹುದಿತ್ತು’ ಎನ್ನುತ್ತಾನೆ. ತನಗದು ಗೊತ್ತಿಲ್ಲ ಎಂಬಲ್ಲಿಗೆ ಕವಿತೆ ಮುಗಿಯುತ್ತದೆ.

ಸೊಪ್ಪಿನಬೆಟ್ಟ:
ಪೂರ್ತಿ ಒಪ್ಪಲಾರೆ. ಎರಡನೇ ಪದ್ಯದಲ್ಲೇ ಮೊಳಕೆಯ, ಹುಟ್ಟಿನ ಹಳೆಯ ಮಿಡಿತ ಗಟ್ಟಿಯಾಗಿ ಒಣಗಿ ಮುದುಡಿದೆ ಎನ್ನುತ್ತಾನಲ್ಲ? ಚೆನ್ನಾಗಿ ಒಣಗಿದ ಬೀಜ ಸತ್ತದ್ದಲ್ಲ ಎಂದು ಬೇಸಾಯದ ಮನೆಯ ಮಕ್ಕಳಿಗೆ ಗೊತ್ತು. ಕಡಿದ ತೋಪು ಕೂಡ ಚಿಗುರುವುದಕ್ಕೇ ಕಡಿದದ್ದು. ಕವಿ ಕಾಣದ್ದನ್ನು ಅವನ ಪ್ರತಿಮೆಗಳು ಬಚ್ಚಿಟ್ಟುಕೊಂಡಿವೆ. ಹಾಗೆ ಬರೆದು ಸಾಲು ತೋರಿಸಿದ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡಿ ಮೇಡಂ.

ಹಾಂ, ಇಂಗ್ಲೆಂಡಿನಲ್ಲಿ ಥ್ರಶ್ ನಡುಚಳಿಯಲ್ಲೂ ಹಾಡುವುದು ನಿಜ, ಕವಿ ಕಟ್ಟಿದ್ದಲ್ಲ. ನಮ್ಮ ಘಟ್ಟದ ಹಳ್ಳಗಳ ಬಳಿ ಜಡಿಮಳೆಯ ನಸುಕಿನಲ್ಲಿ ಮನುಷ್ಯರಂತೆ ಶಿಳ್ಳೆ ಹಾಕುವ ಮಲಬಾರ್ ವಿಸ್ಲಿಂಗ್ ಥ್ರಶ್ ದನಿಯನ್ನು ಮೊಬೈಲಿನಲ್ಲಿ ಕೇಳಿಸಿ, ಆಮೇಲೆ ಮೂರನೇ ಪದ್ಯ ಓದಿ.